ಕಡಲೆಯ ಕುಲವಿಚಾರ

"ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ" ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ದುಸ್ಸಾಧ್ಯವಾದ ವಿದ್ಯೆಯನ್ನು "ಕಬ್ಬಿಣದ ಕಡಲೆ" ಎನ್ನುವುದೂ ನಮ್ಮಲ್ಲಿ ರೂಢಿಯಾಗಿದೆ. ಹೀಗೆ ನುಡಿಯಲ್ಲಿ ಬೆರೆತಿರುವ ಈ ಧಾನ್ಯವು ಅಡಿಗೆಯ ಮನೆಯಲ್ಲಿ ಅದಕ್ಕಿಂತಲೂ ಹೆಚ್ಚಾಗಿ ಬೆರೆತುಹೋಗಿದೆ. ಬೆಳಗಿನ ಚಟ್ನಿ, ಮಧ್ಯಾಹ್ನದ ಪಲ್ಯದ ಒಗ್ಗರಣೆ, ಸಾಯಂಕಾಲದ ಬಜ್ಜಿ, ಹಬ್ಬದ ಹೋಳಿಗೆ, ಇವುಗಳಲ್ಲಿ ಒಂದಿಲ್ಲೊಂದು ರೂಪದಲ್ಲಿ ಕಡಲೆಯುಂಟು. ಆದರೂ ಅಂಗಡಿಯಲ್ಲಿ ಕಡಲೆ, ಕಾಬೂಲಿ ಕಡಲೆ, ಕಡಲೆಬೇಳೆ, ಹುರಿಗಡಲೆ, ಕಡಲೆಹಿಟ್ಟು ಎಂದು ಬೇರೆ ಬೇರೆಯಾಗಿ ಮಾರುವ ಈ ಪದಾರ್ಥಗಳಿಗೆ ಪರಸ್ಪರ ಏನು ಸಂಬಂಧ, ಯಾವುದರ ಕಾರ್ಯವನ್ನು ಯಾವುದು ಮಾಡಬಲ್ಲುದು ಎಂದು ಕೇಳಿದರೆ ಅನೇಕರು ತಡವರಿಸುವರು. ಈ ತಿಳಿವಳಿಕೆಯಿಲ್ಲದ ಕಡೆ ಅಡಿಗೆ ಕೆಡುವುದು. ಕೆಲವು ವೇಳೆ ಆರೋಗ್ಯಕ್ಕೇ ಹಾನಿ ತಟ್ಟುವುದು. ಆದುದರಿಂದ ಕಡಲೆಯ ಕುಲವನ್ನು ಸ್ವಲ್ಪ ವಿಚಾರಿಸೋಣ.

ಹೆಸರು ಮತ್ತು ನೆಲೆ

ಸಂಸ್ಕೃತದಲ್ಲಿ ಕಡಲೆಗೆ ಚಣಕವೆಂದು ಹೆಸರು. ಅಮರಕೋಶವು ಹರಿಮಂಥಕವೆಂಬ ಇನ್ನೊಂದು ಹೆಸರನ್ನೂ ಹೇಳುವುದು. ಚಾಣಕ್ಯನು ಚಣಕನೆಂಬವನ ಮಗನೆಂದು ಪರಂಪರೆಯ ಮಾತು. ರೋಮ್ ದೇಶದ ಮಹಾವಾಗ್ಮಿ ಸಿಸೆರೋನ ಮನೆತನದ ಹೆಸರೂ ಲ್ಯಾಟಿನ್ ಭಾಷೆಯಲ್ಲಿ ಕಡಲೆಗಿರುವ ಸಿಸರ್ ಎಂಬ ಶಬ್ದದಿಂದಲೇ ಹುಟ್ಟಿದುದು. ಸಸ್ಯಶಾಸ್ತ್ರಜ್ಞರು ಇದನ್ನು ಸಿಸರ್ ಏರಿಯೆಟಿನಮ್ ಎನ್ನುವರು. ಕಾಳಿನ ಆಕಾರವು ಟಗರಿನ ತಲೆಯನ್ನು ಹೋಲುವುದೇ ಈ ಹೆಸರಿಗೆ ಕಾರಣ. ಒಂದು ಕಾಳನ್ನು ಬೆರಳುಗಳ ನಡುವೆ ಹಿಡಿದು ನೋಡಿದರೆ ಹೋಲಿಕೆಯು ಯಥಾರ್ಥವೆಂದು ತೋರುವುದು.

ಇದರ ಕಾಡುಮೂಲದ ಗಿಡವು ಇಂದಿಗೂ ತುರ್ಕಿ ದೇಶದ ಆಗ್ನೇಯಭಾಗದಲ್ಲಿ ಬೆಳೆಯುತ್ತದೆ. ಆದರೆ ಈಗ ಲೋಕದಲ್ಲಿ ಬೆಳೆಯುವ ಕಡಲೆಯಲ್ಲಿ ಅರ್ಧಕ್ಕಿಂತಲೂ ಹೆಚ್ಚು ಭಾಗವು ಭಾರತದ್ದು. ನಮ್ಮ ನಾಡಿನಲ್ಲಿ ಕಲಬುರಗಿ, ವಿಜಯಪುರ, ಗದಗ, ಧಾರವಾಡ, ರಾಯಚೂರು ಮುಂತಾದ ಕಡೆಗಳ ಎರೆಭೂಮಿಯೇ ಇದರ ತವರು. ಮುಂಗಾರು ಕಳೆದ ಮೇಲೆ ಬಿತ್ತಿದ ಬೀಜವು ನೆಲದಲ್ಲಿ ಉಳಿದ ತೇವವನ್ನೂ ಚಳಿಗಾಲದ ಇಬ್ಬನಿಯನ್ನೂ ನೆಚ್ಚಿ ಬೆಳೆದು, ಮಾಘ ಫಾಲ್ಗುಣಗಳ ಹೊತ್ತಿಗೆ ಕೊಯ್ಲಿಗೆ ಬರುವುದು. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಹೆಸರನ್ನೇ ಹೊತ್ತ ಕಡಲೆಯ ತಳಿಯೊಂದು ರೈತರಲ್ಲಿ ಬಹುಕಾಲ ಪ್ರಸಿದ್ಧವಾಗಿತ್ತು. ಈ ಗಿಡದ ಎಲೆಗಳ ಮೇಲೆ ಹುಳಿಯಾದ ರಸವೊಂದು ಒಸರುವುದು. ರಾತ್ರಿ ಹೊಲದ ಮೇಲೆ ಬಟ್ಟೆಯನ್ನು ಹಾಸಿ, ಬೆಳಗ್ಗೆ ಹಿಂಡಿ ಆ ಹುಳಿಯನ್ನು ಸಂಗ್ರಹಿಸುವುದು ಪೂರ್ವದ ಪದ್ಧತಿ. ವೈದ್ಯರು ಅದನ್ನು ಚಣಕಾಮ್ಲವೆಂದು ಕರೆದು ಅಜೀರ್ಣಕ್ಕೆ ಉಪಯೋಗಿಸುತ್ತಿದ್ದರು.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸಬೇಕು. ಕಡಲೆಕಾಯಿ ಎಂದು ನಾವು ಕರೆಯುವ ಶೇಂಗಾ ಈ ಕುಲದ್ದಲ್ಲ. ಅದು ದಕ್ಷಿಣ ಅಮೆರಿಕದಿಂದ ಬಂದ ಅತಿಥಿ. ಹಳೆಯ ಮನೆಯವನ ಹೆಸರನ್ನು ಎರವಲು ಪಡೆದು ಇಲ್ಲಿಯೇ ನೆಲಸಿದೆ.

ಎರಡು ಜಾತಿಗಳು

ನಿಜವಾದ ಕಡಲೆಯಲ್ಲಿ ಮುಖ್ಯವಾದ ಜಾತಿಗಳು ಎರಡೇ. ಮೊದಲನೆಯದು ನಾಡಕಡಲೆ. ಇದರ ಕಾಳು ಸಣ್ಣದು, ಕೋಣಕೋಣವಾದುದು, ಕಂದು ಬಣ್ಣದ್ದು, ಸಿಪ್ಪೆ ದಪ್ಪ, ಹೂವು ಸಾಮಾನ್ಯವಾಗಿ ನಸುಗೆಂಪು ಅಥವಾ ನೇರಳೆ. ಎರಡನೆಯದು ಕಾಬೂಲಿ ಕಡಲೆ. ಇದರ ಕಾಳು ದೊಡ್ಡದು, ದುಂಡನೆಯದು, ಕೆನೆಯ ಬಣ್ಣದ್ದು; ಸಿಪ್ಪೆ ತೆಳು; ಹೂವು ಬಿಳಿ. ಅಫಘಾನಿಸ್ಥಾನದ ಮಾರ್ಗವಾಗಿ ಬಂದುದೆಂಬ ಪ್ರಸಿದ್ಧಿಯು ಇದರ ಹೆಸರಿನಲ್ಲಿಯೇ ಉಳಿದಿದೆ.

ಸಿಪ್ಪೆಯ ಈ ಭೇದವೇ ಅಡಿಗೆಯ ಭೇದಕ್ಕೆ ಮೂಲ. ನಾಡಕಡಲೆಯು ಎಷ್ಟು ಬೆಂದರೂ ಆಕಾರಗೆಡದೆ, ಹಲ್ಲಿಗೆ ಸ್ವಲ್ಪ ಬಿಗಿಯಾಗಿಯೇ ಸಿಕ್ಕುವುದು. ಆದುದರಿಂದ ಉಸಲಿಗೆ, ಗುಗ್ಗರಿಗೆ, ತುಳುನಾಡಿನವರು ಅವಲಕ್ಕಿಯೊಡನೆ ಸವಿಯುವ ಕಡಲೆಗಸಿಗೆ, ಮಲಯಾಳಿಗಳು ಪುಟ್ಟಿನೊಡನೆ ಬಡಿಸುವ ಮೇಲೋಗರಕ್ಕೆ ಇದೇ ಯೋಗ್ಯ. ಕಾಬೂಲಿ ಕಡಲೆಯಾದರೋ ಬೆಣ್ಣೆಯಂತೆ ಮೃದುವಾಗಿ ಬೆಂದು ಮಸಾಲೆಯ ರಸವನ್ನು ಒಳಗೆ ಹೀರುವುದು. ಪಂಜಾಬಿನ ಛೋಲೆ ಎಂಬ ವ್ಯಂಜನಕ್ಕೆ ಅದು ಪ್ರಶಸ್ತವಾದುದು ಇದರಿಂದಲೇ.

ಒಂದೇ ಕಾಳಿನ ಹಲವು ಅವಸ್ಥೆಗಳು

ಉಳಿದ ಹೆಸರುಗಳೆಲ್ಲವೂ ಬಹುಮಟ್ಟಿಗೆ ನಾಡಕಡಲೆಯ ಅವಸ್ಥಾಭೇದಗಳೇ ಹೊರತು ಬೇರೆ ಜಾತಿಗಳಲ್ಲ.

ಬಾಲ್ಯಾವಸ್ಥೆಯಲ್ಲಿ ಅದು ಹಸಿಗಡಲೆ. ಉತ್ತರಭಾಗದವರು ಇದನ್ನು ಸುಲಗಾಯಿ ಎಂದು ಸುಲಿದು ತಿನ್ನುವರು. ಗಿಡಸಹಿತ ಬೆಂಕಿಯಲ್ಲಿ ಸುಟ್ಟು ತಿನ್ನುವುದೂ ಉಂಟು. ಎಳೆಯ ಕುಡಿಗಳ ಹುಳಿಪಲ್ಯವು ಜೋಳದ ರೊಟ್ಟಿಗೆ ಹಿತವಾದ ಜೊತೆ.

ಒಣಗಿದ ಕಾಳಿನ ಸಿಪ್ಪೆಯನ್ನು ತೆಗೆದು ಎರಡು ಹೋಳು ಮಾಡಿದರೆ ಕಡಲೆಬೇಳೆ. ಹೋಳಿಗೆಯ ಹೂರಣ, ಆಂಬೊಡೆ, ಕೋಸಂಬರಿ, ಮಾಧ್ವರ ಮನೆಗಳ ಹಯಗ್ರೀವ ಎಲ್ಲವೂ ಇದರ ಸಂತತಿ. ಹೋಳಿಗೆಗೆ ಬೇಳೆಯನ್ನು ಬೇಯಿಸುವಾಗ ಒಂದು ಗುರುತುಂಟು: ಬೆರಳಿಂದ ಒತ್ತಿದರೆ ನುಣ್ಣಗಾಗಬೇಕು, ಪಾತ್ರೆಯಲ್ಲಿ ಮಾತ್ರ ಕರಗಿಹೋಗಿರಬಾರದು. ಬಸಿದ ಕಟ್ಟನ್ನು ಚೆಲ್ಲುವುದು ಅವಿವೇಕ. ಅದೇ ಕಟ್ಟಿನ ಸಾರಿನ ಜೀವಾಳ. ಆಂಬೊಡೆಗೆ ಬೇಳೆಯನ್ನು ಎರಡು ಗಂಟೆ ನೆನೆಸಿ, ನೀರನ್ನು ಪೂರ್ತಿಯಾಗಿ ಬಸಿದು, ತರಿತರಿಯಾಗಿ ರುಬ್ಬಬೇಕು. ನೀರು ಉಳಿದರೆ ಆಂಬೊಡೆಯು ಎಣ್ಣೆಯನ್ನು ಕುಡಿಯುವುದು.

ಕಾಳಿಗೆ ನೀರು ಚಿಮುಕಿಸಿ, ಹದವಾದ ಮೇಲೆ ಕಾದ ಮರಳಿನಲ್ಲಿ ಹುರಿದು ಸಿಪ್ಪೆ ಬಿಡಿಸಿದರೆ ಹುರಿಗಡಲೆ. ಉತ್ತರಭಾಗದವರಿಗೆ ಇದು ಪುಟಾಣಿ. ಕಡಲೆಬೇಳೆಯನ್ನೇ ನುಣ್ಣಗೆ ಬೀಸಿದರೆ ಕಡಲೆಹಿಟ್ಟು. ನೋಟಕ್ಕೆ ಹುರಿಗಡಲೆಯ ಹಿಟ್ಟೂ ಕಡಲೆಹಿಟ್ಟೂ ಸಮೀಪದ ಬಂಧುಗಳು. ಸ್ವಭಾವದಲ್ಲಿ ಮಾತ್ರ ವಿರುದ್ಧ. ಹುರಿಗಡಲೆಯು ಆಗಲೇ ಬೆಂದ ಪದಾರ್ಥ. ಆದುದರಿಂದ ತೆಂಗಿನಕಾಯಿಯೊಡನೆ ಹಾಗೆಯೇ ರುಬ್ಬಿ ಚಟ್ನಿ ಮಾಡಬಹುದು. ಚಕ್ಕುಲಿಯ ಹಿಟ್ಟಿಗೆ ಬೆರೆಸಿದರೆ ಗರಿಗರಿಯಾಗುವುದು. ಕಡಲೆಹಿಟ್ಟು ಹಸಿಯಾದುದು, ಬೆಂಕಿಯನ್ನು ಕಾಣದೆ ತಿನ್ನಲು ಬಾರದು. ಆದರೆ ಅದಕ್ಕೆ ಅಂಟುವ ಗುಣವುಂಟು. ಬಜ್ಜಿ, ಬೋಂಡ, ಜುಣುಕ ಇವೆಲ್ಲ ಆ ಗುಣದಿಂದಲೇ ಸಾಧ್ಯ. ಉಂಡೆಗೂ ಮೈಸೂರುಪಾಕಕ್ಕೂ ಅದನ್ನು ತುಪ್ಪದಲ್ಲಿ ಹಸಿವಾಸನೆ ಹೋಗುವಂತೆ ಬೇಯಿಸಬೇಕು. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬಳಸಿದರೆ ಚಟ್ನಿಯು ಹಸಿನಾತ ಹೊಡೆಯುವುದು, ಬಜ್ಜಿಯು ಕಳಚಿಕೊಳ್ಳುವುದು.

ಬೇಯಿಸುವ ಕ್ರಮ

ಇಡಿಯ ಕಡಲೆಯನ್ನು ಮೂರುಪಾಲು ನೀರಿನಲ್ಲಿ ೮ರಿಂದ ೧೨ ಗಂಟೆ ನೆನೆಸುವುದು ಅವಶ್ಯ. ಆಗ ಅದು ತೂಕದಲ್ಲಿ ಸುಮಾರು ಇಮ್ಮಡಿಯಾಗುವುದು. ನೆನೆಸುವ ನೀರಿಗೆ ಸ್ವಲ್ಪ ಉಪ್ಪು ಹಾಕಿದರೆ ಸಿಪ್ಪೆ ಮೆತ್ತಗಾಗುವುದು. ಹುಣಿಸೆ, ಟೊಮ್ಯಾಟೊ ಮುಂತಾದ ಹುಳಿಯನ್ನು ಮಾತ್ರ ಕಾಳು ಬೆಂದ ಮೇಲೆಯೇ ಸೇರಿಸಬೇಕು. ಮೊದಲೇ ಸೇರಿಸಿದರೆ ಕಾಳು ಬಿರುಸಾಗಿಯೇ ನಿಲ್ಲುವುದು. ಗಡಸುನೀರಿನಲ್ಲಿಯೂ ಇದೇ ತೊಂದರೆ. ಕೆಲವರು ಸೋಡಾ ಹಾಕಿ ಬೇಗ ಬೇಯಿಸುವರು. ಕಾಳೇನೋ ಬೇಯುವುದು, ಆದರೆ ಅದರಲ್ಲಿರುವ ಒಂದು ಬಗೆಯ ಜೀವಸತ್ತ್ವವು ನಷ್ಟವಾಗುವುದು, ರುಚಿಯೂ ಸಾಬೂನಿನ ಕಡೆಗೆ ತಿರುಗುವುದು. ಬಹುಕಾಲ ಸೆಖೆಯಲ್ಲಿ ದಾಸ್ತಾನಾಗಿದ್ದ ಹಳೆಯ ಕಾಳು ಕುಕ್ಕರಿಗೂ ಸುಲಭವಾಗಿ ಬಗ್ಗದು. ಆದುದರಿಂದ ಹೊಸ ಕಾಳನ್ನು ಮಿತವಾಗಿ ಕೊಳ್ಳುವುದೇ ಲೇಸು.

ಗುಣದೋಷಗಳು

ಕಡಲೆಯಲ್ಲಿ ನೂರಕ್ಕೆ ಸುಮಾರು ೨೦ರಷ್ಟು ಸಸಾರಜನಕವಿದೆ. ಅಕ್ಕಿ, ಜೋಳ, ಗೋದಿಗಳಲ್ಲಿ ಕೊರತೆಯಾಗಿರುವ ಅಂಶವು ಇದರಲ್ಲಿ ಹೇರಳ. ಇದರಲ್ಲಿ ಕೊರತೆಯಾದುದು ಅವುಗಳಲ್ಲುಂಟು. ರೊಟ್ಟಿಗೆ ಜುಣುಕವನ್ನೂ ಅವಲಕ್ಕಿಗೆ ಕಡಲೆಯನ್ನೂ ಜೊತೆಮಾಡಿದ ನಮ್ಮ ಹಿರಿಯರು ರುಚಿಯನ್ನರಸಿ ಪೋಷಣೆಯನ್ನೂ ಪಡೆದರು. ರಕ್ತದಲ್ಲಿ ಸಕ್ಕರೆಯನ್ನು ನಿಧಾನವಾಗಿ ಏರಿಸುವುದರಿಂದ ಮಧುಮೇಹಿಗಳಿಗೂ ಬೆಂದ ಕಾಳು ಮಿತವಾಗಿ ಸಲ್ಲುವುದು.

ಕಡಲೆಯು ವಾತಕರವೆಂದು ಆಯುರ್ವೇದವು ಹೇಳಿದುದು ಸುಳ್ಳಲ್ಲ. ನಮ್ಮ ಜಠರವು ಜೀರ್ಣಿಸಲಾರದ ಕೆಲವು ಶರ್ಕರಗಳು ಕರುಳಿನಲ್ಲಿ ಹುದುಗಿ ವಾಯುವನ್ನುಂಟುಮಾಡುವುವು. ನೆನೆಸಿದ ನೀರನ್ನು ಚೆಲ್ಲಿ ಬೇರೆ ನೀರಿನಲ್ಲಿ ಬೇಯಿಸಿದರೆ ಈ ದೋಷವು ಕಡಿಮೆಯಾಗುವುದು. ಶುಂಠಿ, ಇಂಗು, ಜೀರಿಗೆಗಳನ್ನು ಸೇರಿಸುವ ವಾಡಿಕೆಯೂ ಇದೇ ಉದ್ದೇಶದಿಂದ ಬಂದುದು. ಎಳೆಯ ಮಕ್ಕಳ ಕೈಗೆ ಇಡಿಯ ಹುರಿಗಡಲೆಯನ್ನು ಕೊಡಲೇಬಾರದು. ಅದು ಶ್ವಾಸನಾಳದಲ್ಲಿ ಸಿಕ್ಕಿ ಪ್ರಾಣಾಪಾಯವಾಗಬಹುದು. ಹಲ್ಲಿಲ್ಲದ ಮಗುವಿಗೂ ಹಲ್ಲಿಲ್ಲದ ಅಜ್ಜನಿಗೂ ಅದನ್ನು ಪುಡಿಮಾಡಿ, ಬೆಲ್ಲವನ್ನು ಬೆರೆಸಿ, ಹಾಲಿನಲ್ಲಿ ಕಲಸಿ ಕೊಟ್ಟರೆ ಗಾದೆಯೇ ಸೋಲುವುದು.

ಒಂದು ಮುಖ್ಯವಾದ ಎಚ್ಚರಿಕೆ

ಕೇಸರಿ ಬೇಳೆ ಎಂಬುದು ಕಡಲೆಬೇಳೆಯ ವೇಷವನ್ನು ಧರಿಸಬಲ್ಲ ಬೇರೆ ಕುಲದ ಧಾನ್ಯ. ಮಳೆ ಬಾರದೆ ಉಳಿದ ಪೈರುಗಳೆಲ್ಲ ಒಣಗಿದಾಗಲೂ ಇದು ಬದುಕುವುದು. ಆದುದರಿಂದ ಕ್ಷಾಮಕಾಲಗಳಲ್ಲಿ ಮಧ್ಯಭಾರತದ ಬಡವರಿಗೆ ಇದೇ ಅನ್ನವಾಯಿತು. ಇದರಲ್ಲೊಂದು ವಿಷವಿದೆ. ತಿಂಗಳುಗಟ್ಟಲೆ ಇದನ್ನೇ ಮುಖ್ಯಾಹಾರವಾಗಿ ತಿಂದವರ ಕಾಲುಗಳು ಸೆಟೆದು, ನಡೆ ಕುಂಟಾಗಿ, ಕೊನೆಗೆ ತೆವಳುವ ಸ್ಥಿತಿ ಬರಬಹುದು; ಹೀಗೆ ಬಂದ ಊನವು ಮತ್ತೆ ಸರಿಹೋಗದು. ಸುಶ್ರುತಸಂಹಿತೆಯಲ್ಲಿ ಹೆಸರಿಸಿರುವ ಕಲಾಯಖಂಜವೆಂಬ ವ್ಯಾಧಿಯು ಇದೇ ಎಂದು ಅನೇಕ ವಿದ್ವಾಂಸರು ಭಾವಿಸುವರು. ಭಾರತ ಸರ್ಕಾರವು ೧೯೬೧ರಲ್ಲಿ ಇದರ ಮಾರಾಟವನ್ನು ನಿಷೇಧಿಸಿತು. ಆದರೂ ಬೆಲೆ ಕಡಿಮೆಯೆಂಬ ಲೋಭದಿಂದ ಬೇಳೆಗೂ ಹಿಟ್ಟಿಗೂ ಇದನ್ನು ಬೆರೆಸುವವರು ಉಂಟು.

ಕೇಸರಿಯ ಕಾಳು ಕೊಡಲಿಯ ಬಾಯಂತೆ ಒಂದು ಕಡೆ ಓರೆಯಾಗಿ ಕತ್ತರಿಸಿದಂತಿರುವುದು. ಅದರ ಬೇಳೆಯು ಚಪ್ಪಟೆ. ಕಡಲೆಬೇಳೆಯಾದರೋ ದುಂಡಗೆ ಉಬ್ಬಿರುವುದು. ಬೇಳೆಯಲ್ಲಿ ಈ ಭೇದವನ್ನು ಕಣ್ಣು ಹಿಡಿಯಬಲ್ಲುದು. ಹಿಟ್ಟಾದ ಮೇಲೆ ಹಿಡಿಯಲಾರದು. ಆದುದರಿಂದ ಬೇಳೆಯನ್ನು ಕೊಂಡು, ಮೊರದಲ್ಲಿ ಹರಡಿ ಆರಿಸಿ, ಗಿರಣಿಯಲ್ಲಿ ತಾವೇ ಬೀಸಿಸಿಕೊಳ್ಳುವುದು ಕ್ಷೇಮಕರ. ಅರ್ಧ ಗಂಟೆಯ ಈ ಶ್ರಮವು ಮನೆಮಂದಿಯ ಕಾಲುಗಳ ಬಲಕ್ಕಿಂತ ದೊಡ್ಡದಲ್ಲ.

ಎರಡು ಜಾತಿಗಳನ್ನು ಗುರುತಿಸಿ, ನಾಲ್ಕೈದು ಅವಸ್ಥೆಗಳ ಸ್ವಭಾವವನ್ನರಿತು, ಒಬ್ಬ ಕಪಟವೇಷಧಾರಿಯನ್ನು ಬಾಗಿಲಲ್ಲಿಯೇ ತಡೆದರೆ ಸಾಕು. ಕಡಲೆಯಷ್ಟು ಅಲ್ಪವ್ಯಯದಲ್ಲಿ ಅಷ್ಟು ಉಪಕಾರ ಮಾಡುವ ಧಾನ್ಯವು ಗೃಹಸ್ಥನಿಗೆ ಮತ್ತೊಂದು ದೊರೆಯುವುದು ಕಷ್ಟ.