ಮಣಿಸರ ಮಾರುವ ಫೋನಿನ ಪುಟವನ್ನು ಬರೆಯುವ ಕ್ರಮ



ಬೇಸಿಗೆಯಲ್ಲಿ ಕುಮಟೆಯ ಅಳ್ವೆಕೋಡಿ, ಹಂದಿಗೋಣಗಳ ಹತ್ತಿರ ಹೆದ್ದಾರಿಯ ಬದಿಗೆ ಸಿಹಿ ಈರುಳ್ಳಿಯ ಗೊಂಚಲುಗಳನ್ನು ತೂಗುಹಾಕಿ ಮಾರುವುದನ್ನು ನೀವೆಲ್ಲರೂ ಬಲ್ಲಿರಿ. ಕಾರು ನಿಲ್ಲಿಸಿದ ಗಿರಾಕಿ ಮೊದಲು ಮಾಡುವುದೇನು? ಗೊಂಚಲನ್ನು ಎತ್ತಿ ತೂಕ ನೋಡುತ್ತಾನೆ. ಒಂದು ಗೆಡ್ಡೆಯನ್ನು ಒತ್ತುತ್ತಾನೆ. ಹೆಣಿಗೆ ಬಿಗಿಯಾಗಿದೆಯೇ ಎಂದು ಎಳೆದು ನೋಡುತ್ತಾನೆ. ದರದ ಮಾತು ಆಮೇಲೆ. ಇದೇ ಗಿರಾಕಿ ಬೆಂಗಳೂರಿನಲ್ಲಿ ಕುಳಿತು ಫೋನಿನಲ್ಲಿ ಕೊಳ್ಳುವಾಗ ಅವನ ಕೈಗೆ ಏನೂ ಸಿಗುವುದಿಲ್ಲ. ಆ ಕೈಯ ಕೆಲಸವನ್ನೆಲ್ಲ ನಾವು ಬರೆದ ಪುಟವೇ ಮಾಡಿಕೊಡಬೇಕಾಗುತ್ತದೆ. ಆನ್‌ಲೈನ್ ಅಂಗಡಿಯಲ್ಲಿ ಒಂದೊಂದು ಸಾಮಾನಿಗೆ ಒಂದೊಂದು ಪುಟವಿರುತ್ತದೆ. ಅದಕ್ಕೆ ಲಿಸ್ಟಿಂಗ್ ಎನ್ನುತ್ತಾರೆ.

ನಮ್ಮ ಕಡೆ ಹಾಲಕ್ಕಿ ಒಕ್ಕಲಿಗರ ಹೆಣ್ಣುಮಕ್ಕಳು ಮಣಿಸರ ಪೋಣಿಸುವುದು ಹಳೆಯ ವಾಡಿಕೆ. ಅಂಕೋಲೆಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಿನಲ್ಲಿ ಹೋಗಿ ಪದ್ಮಶ್ರೀ ಪಡೆದಾಗ ಕೊರಳ ತುಂಬ ಇದ್ದ ಮಣಿಸರಗಳನ್ನು ದೇಶವೇ ನೋಡಿತು. ಅವರಿಗೂ ಮುಂಚೆ, 2017ರಲ್ಲಿ, ಅದೇ ತಾಲೂಕಿನ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ ಆ ಪ್ರಶಸ್ತಿ ಸಂದಿತ್ತು. ಇಬ್ಬರೂ ಈಗ ನಮ್ಮೊಡನಿಲ್ಲ. ಆದರೆ ಆ ಸರಗಳನ್ನು ಕೇಳುವವರು ಹೊರಗೆ ಇದ್ದಾರೆ. ಗದ್ದೆ, ತೋಟದ ಕೆಲಸ ಬಿಡುವಾದಾಗ ಜಗಲಿಯ ಮೇಲೆ ಕುಳಿತು ಮಾಡುವ ಈ ಕೆಲಸದಿಂದ ಮನೆಗೆ ನಾಲ್ಕು ಕಾಸು ಬರುವುದಾದರೆ ಬೇಡವೆನ್ನುವವರು ಯಾರು?

ನಾನು ಓದಿದ್ದು ಕೃಷಿ ಡಿಪ್ಲೊಮಾ. ಮಣ್ಣು, ಬೀಜ, ಗೊಬ್ಬರದ ವಿಷಯ ಬಲ್ಲೆನೇ ಹೊರತು ಮಣಿಯ ವ್ಯಾಪಾರ ಬಲ್ಲವನಲ್ಲ. ಆದರೂ ಎರಡು ವರ್ಷದ ಕೆಳಗೆ ಹೊನ್ನಾವರ ತಾಲೂಕಿನ ಒಬ್ಬ ಅಕ್ಕನವರ ಹನ್ನೆರಡು ಸರಗಳನ್ನು ಫೋನಿನ ಅಂಗಡಿಯಲ್ಲಿ ಹಾಕಿಕೊಡಲು ಒಪ್ಪಿಕೊಂಡೆ. ಸಂಜೆ ಟ್ಯೂಬ್‌ಲೈಟಿನ ಕೆಳಗೆ ಫೋಟೋ ತೆಗೆದೆ. ಹೆಸರಿನ ಜಾಗದಲ್ಲಿ ‘ಸುಂದರ ಸಾಂಪ್ರದಾಯಿಕ ಆಭರಣ’ ಎಂದು ಬರೆದೆ. ತಿಂಗಳು ಕಳೆದ ಮೇಲೆ ಒಂದು ಸರ ಹೋಯಿತು. ಹತ್ತು ದಿನಕ್ಕೆ ಅದೂ ಹಿಂದಕ್ಕೆ ಬಂತು. ಫೋಟೋದಲ್ಲಿ ಬಿಳಿಯಾಗಿ ಕಂಡದ್ದು ಹಳದಿ, ಎದೆಯವರೆಗೆ ಬರುತ್ತದೆಂದುಕೊಂಡದ್ದು ಕೊರಳಿಗಷ್ಟೇ ಬಂತು ಎಂಬುದು ಕೊಂಡವರ ದೂರು. ಹೋಗಿಬರುವ ಸಾಗಣೆಯ ಖರ್ಚು ಆ ಅಕ್ಕನ ತಲೆಯ ಮೇಲೆ ಬಿತ್ತು. ‘ತಮ್ಮಾ, ನನ್ನ ಸರದಲ್ಲಿ ಏನು ತಪ್ಪಿತ್ತು?’ ಎಂದು ಕೇಳಿದರು. ಸರದಲ್ಲಿ ತಪ್ಪಿರಲಿಲ್ಲ. ತಪ್ಪೆಲ್ಲ ನಾನು ಬರೆದ ಪುಟದಲ್ಲಿತ್ತು. ಅಲ್ಲಿಂದ ಮುಂದೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲನೆಯದು ಹೆಸರು. ‘ಸುಂದರ’ ಎಂಬ ಮಾತನ್ನು ಯಾರೂ ಹುಡುಕುವುದಿಲ್ಲ. ಕೊಳ್ಳುವವರು ‘ಕಪ್ಪು ಮಣಿ ಸರ’, ‘ಬ್ಲ್ಯಾಕ್ ಬೀಡ್ ನೆಕ್ಲೆಸ್’, ‘ಹ್ಯಾಂಡ್‌ಮೇಡ್’ ಎಂದು ಹುಡುಕುತ್ತಾರೆ. ಆದುದರಿಂದ ಸಾಮಾನು ಏನು, ಯಾವುದರಿಂದ ಮಾಡಿದ್ದು, ಯಾವ ಬಣ್ಣ, ಎಷ್ಟು ಉದ್ದ, ಇಷ್ಟೂ ಮೊದಲ ಸಾಲಿನಲ್ಲೇ ಬರತಕ್ಕದ್ದು. ‘ಕಪ್ಪು–ಹಳದಿ ಗಾಜಿನ ಮಣಿಯ ಸರ, ಕೈಯಲ್ಲಿ ಪೋಣಿಸಿದ್ದು, 60 ಸೆಂಟಿಮೀಟರ್’ ಎಂದರೆ ಸಾಕು. ಇಂಗ್ಲಿಷಿನಲ್ಲಿ ಹುಡುಕುವವರೂ ಇರುವುದರಿಂದ ಅದೇ ವಿವರವನ್ನು ಆ ಭಾಷೆಯಲ್ಲೂ ಹಾಕಿಸಿರಿ. ಇಲ್ಲೊಂದು ತೊಡಕಿದೆ. ‘ಕರಿಮಣಿ’ ಎಂದು ಬರೆದರೆ ಬಹಳ ಜನ ಅದನ್ನು ಮಾಂಗಲ್ಯವೆಂದೇ ತಿಳಿಯುತ್ತಾರೆ. ಮಾಂಗಲ್ಯವಲ್ಲದ ಸರಕ್ಕೆ ಆ ಹೆಸರು ಹಾಕಿದರೆ ಸರ ತಿರುಗಿ ಬರುವುದು ಖಂಡಿತ.

ಅಳತೆಯ ವಿಷಯದಲ್ಲಿ ನಾವು ಉದಾಸೀನರು. ಭಟ್ಕಳ ಮಲ್ಲಿಗೆಯನ್ನು ಮೊಳದಲ್ಲಿ ಅಳೆಯುವಾಗ ಹೂವಾಡಿಗರ ಕೈ ಗಿಡ್ಡವೋ ಉದ್ದವೋ ಎಂಬುದು ಎದುರಿಗೇ ಕಾಣುತ್ತದೆ. ಫೋನಿನಲ್ಲಿ ಮೊಳವೂ ಗೇಣೂ ನಡೆಯವು. ಸರದ ಕೊಂಡಿಯನ್ನು ಬಿಚ್ಚಿ, ನೇರವಾಗಿ ಹಾಸಿ, ತುದಿಯಿಂದ ತುದಿಗೆ ಟೇಪು ಹಿಡಿದು ಸೆಂಟಿಮೀಟರಿನಲ್ಲಿ ಬರೆಯಿರಿ. ಜೊತೆಗೆ ಇಂಚನ್ನೂ ಹಾಕಿರಿ. ಒಂದು ಇಂಚಿಗೆ 2.54 ಸೆಂಟಿಮೀಟರ್. ಸುಮಾರು 45 ಸೆಂಟಿಮೀಟರಿನ ಸರ ಕೊರಳ ಬುಡದಲ್ಲಿ ಕೂರುತ್ತದೆ, 60ರದು ಎದೆಯ ಮೇಲೆ ಬರುತ್ತದೆ. ತೂಕವನ್ನು ಗ್ರಾಮಿನಲ್ಲಿ ತಿಳಿಸಬೇಕು. ಹಲವು ಎಳೆಯ ಸರ ಭಾರವಿರುತ್ತದೆ. ಭಾರವೆಂದು ಮೊದಲೇ ಹೇಳಿದರೆ ಅದು ದೋಷವಾಗದು, ಮುಚ್ಚಿಟ್ಟರೆ ಆಗುತ್ತದೆ. ಕೈಕೆಲಸದಲ್ಲಿ ಮಣಿಗಳು ತುಸು ಹೆಚ್ಚುಕಡಮೆ ಇರುವುದನ್ನೂ ಬರೆದುಬಿಡಿ.

ಫೋಟೋಗೆ ಖರ್ಚಿಲ್ಲ. ಮೊದಲು ಫೋನಿನ ಕಣ್ಣನ್ನು ಒಣಬಟ್ಟೆಯಿಂದ ಒರಸಿರಿ. ನಮ್ಮ ಫೋನುಗಳ ಮೇಲೆ ಮಣ್ಣು, ಎಣ್ಣೆಯ ಬೆರಳಚ್ಚು ಇದ್ದೇ ಇರುತ್ತದೆ. ಬೆಳಗಿನ ಹೊತ್ತು ಜಗಲಿಯಲ್ಲಿ, ನೇರ ಬಿಸಿಲು ಬೀಳದ ಕಡೆ, ಬಿಳಿಯ ಬಟ್ಟೆಯ ಮೇಲೆ ಸರ ಇಡಿ. ಅಡಿಕೆ ಹಾಳೆಯ ಮೇಲೆ ಇಟ್ಟರೆ ನೋಡಲು ಚೆಂದವೇನೋ ಹೌದು. ಆದರೆ ಹಾಳೆಯ ಕಂದು ಬಣ್ಣದಿಂದ ಹಳದಿ ಮಣಿ ತನ್ನ ನಿಜ ಬಣ್ಣ ಬಿಟ್ಟು ಕಾಣುತ್ತದೆ. ಫ್ಲ್ಯಾಷ್ ಬೇಡ, ಗಾಜಿನ ಮೇಲೆ ಬಿಳಿ ಚುಕ್ಕೆ ಬೀಳುತ್ತದೆ. ಪೂರ್ತಿ ಸರದ್ದು ಒಂದು, ಮಣಿಯನ್ನು ಹತ್ತಿರದಿಂದ ತೋರಿಸುವುದು ಒಂದು, ಕೊಂಡಿ ಮತ್ತು ಗಂಟಿನದು ಒಂದು, ಅಳತೆಪಟ್ಟಿಯ ಜೊತೆ ಒಂದು, ಕೊರಳಲ್ಲಿ ಹಾಕಿಕೊಂಡದ್ದು ಒಂದು. ಕೊರಳಿನ ಫೋಟೋಗೆ ಮನೆಯವರೇ ಯಾರಾದರೂ ಒಪ್ಪಿ ನಿಲ್ಲಲಿ. ಸಂತೆಗೆ ತರಕಾರಿ ತಂದ ಅಜ್ಜಿಯ ಚಿತ್ರವನ್ನು ಅವರಿಗೆ ತಿಳಿಸದೆ ತೆಗೆದು ವ್ಯಾಪಾರಕ್ಕೆ ಬಳಸುವವರುಂಟು, ಅದು ಸರಿಯಲ್ಲ. ಹಾಲಕ್ಕಿ ಹೆಣ್ಣುಮಕ್ಕಳು ಪೋಣಿಸದ ಸರಕ್ಕೆ ಹಾಲಕ್ಕಿ ಸರವೆಂದು ಹೆಸರು ಹಾಕುವುದೂ ಅಂಥದ್ದೇ.

ಹೆಸರಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಕೆಂಪು ಗಾಜಿನ ಮಣಿಗೆ ‘ಹವಳ’ ಎಂದು ಬರೆಯುವ ಆಸೆ ಹುಟ್ಟುತ್ತದೆ. ಇದು ಸುಳ್ಳು ಮಾತ್ರವಲ್ಲ, ಅಪಾಯವೂ ಹೌದು. ಭಟ್ಕಳ ತಾಲೂಕಿನ ನೇತ್ರಾಣಿ ದ್ವೀಪದ ಸುತ್ತ ಸಮುದ್ರದಲ್ಲಿ ಹವಳಗಳಿವೆ. ಇಂಥ ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ತೆಗೆಯುವುದೂ ಮಾರುವುದೂ ಅಪರಾಧ. ಕೆಲವು ಜಾತಿಯ ಶಂಖ ಚಿಪ್ಪುಗಳಿಗೂ ಇದೇ ಕಾನೂನು. ದಂಡೆಯಲ್ಲಿ ಸಿಕ್ಕಿದ್ದೆಂದು ಪೋಣಿಸಿ ಪುಟಕ್ಕೆ ಹಾಕುವ ಮುನ್ನ ಅರಣ್ಯ ಇಲಾಖೆಯಲ್ಲಿ ಕೇಳಿ ತಿಳಿಯಿರಿ. ಗುಲಗಂಜಿಯ ಸರವನ್ನಂತೂ ಮಾರಲೇಬಾರದು. ಆ ಬೀಜದೊಳಗೆ ಘೋರ ವಿಷವಿದೆ. ಇಡೀ ಬೀಜದ ಗಟ್ಟಿ ಸಿಪ್ಪೆ ಅದನ್ನು ತಡೆಯುತ್ತದೆ. ದಾರಕ್ಕೆಂದು ತೂತು ಕೊರೆದ ಮೇಲೆ ಆ ತಡೆ ಉಳಿಯುವುದಿಲ್ಲ. ಮಗು ಬಾಯಿಗಿಟ್ಟು ಅಗಿದರೆ ಪ್ರಾಣಕ್ಕೇ ಸಂಚಕಾರ.

ಇನ್ನು ಬೆಲೆ. ಹೆಚ್ಚಿನವರು ಮಣಿಯ ದುಡ್ಡನ್ನಷ್ಟೇ ಎಣಿಸಿ ತಮ್ಮ ಕೂಲಿಯನ್ನು ಬಿಟ್ಟುಬಿಡುತ್ತಾರೆ. 2025–26ರಲ್ಲಿ ಉದ್ಯೋಗ ಖಾತರಿಯ ಕೂಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 370 ರೂಪಾಯಿ ಇತ್ತು, ಅದನ್ನೇ ಹಿಡಿಯೋಣ. ಒಂದು ಸರಕ್ಕೆ ಒಂದೂವರೆ ದಿನವೆಂದರೆ 555. ಉದಾಹರಣೆಗೆ ಮಣಿಗೆ 180, ದಾರ ಮತ್ತು ಕೊಂಡಿಗೆ 25, ಪೆಟ್ಟಿಗೆಗೆ 30 ಎಂದುಕೊಳ್ಳಿ. ಒಟ್ಟು 790. ಅಂಗಡಿಯವರ ಕಮಿಷನ್ ನೂರಕ್ಕೆ 15 ಇದ್ದರೆ, 790ರ ಮೇಲೆ ನೂರಕ್ಕೆ 15 ಸೇರಿಸಿ 908 ಎಂದು ಇಡುವುದೇ ವಾಡಿಕೆ. ಇದು ತಪ್ಪು ಲೆಕ್ಕ. ಅವರು ಮುರಿದುಕೊಳ್ಳುವುದು ಮಾರಿದ ಬೆಲೆಯ ಮೇಲೆ. 908ರಲ್ಲಿ 136 ಹೋದರೆ ಕೈಗೆ ಬರುವುದು 772. 18 ರೂಪಾಯಿ ಲುಕ್ಸಾನು. 790ನ್ನು 85ರಿಂದ ಭಾಗಿಸಿ ನೂರರಿಂದ ಗುಣಿಸಿರಿ. 930 ಬರುತ್ತದೆ. ಅಂಚೆ ಖರ್ಚು ಇದರ ಹೊರಗೆ. ‘ಇಷ್ಟು ಬೆಲೆಗೆ ಯಾರು ಕೊಳ್ಳುತ್ತಾರೆ?’ ಎಂದು ಹೆದರಿ ಇಳಿಸುವ ಮೊದಲು, ಒಂದೂವರೆ ದಿನದ ಕೆಲಸವೆಂಬುದನ್ನು ಪುಟದಲ್ಲೇ ಬರೆದು ನೋಡಿರಿ. ನನ್ನ ಅನುಭವದಲ್ಲಿ ಅದನ್ನು ಓದಿದವರು ಚೌಕಾಶಿ ಕಡಮೆ ಮಾಡುತ್ತಾರೆ.

ತೆರಿಗೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. 2023ರ ಅಕ್ಟೋಬರ್ 1ರಿಂದ, ವಹಿವಾಟು ಮಿತಿಯೊಳಗಿರುವ ಸಣ್ಣ ಮಾರಾಟಗಾರರು ಜಿ.ಎಸ್.ಟಿ. ನೋಂದಣಿಯಿಲ್ಲದೆ, ಪ್ಯಾನ್ ಕಾರ್ಡಿನ ಮೇಲೆ ಒಂದು ದಾಖಲಾತಿ ಸಂಖ್ಯೆ ಪಡೆದು, ಆನ್‌ಲೈನ್ ಅಂಗಡಿಗಳ ಮೂಲಕ ರಾಜ್ಯದೊಳಗೆ ಮಾರಬಹುದು. ಹೊರರಾಜ್ಯಕ್ಕೆ ಕಳಿಸುವ ಮೊದಲು ಬಲ್ಲವರನ್ನು ಕೇಳಿಕೊಳ್ಳತಕ್ಕದ್ದು.

ಹಣದಲ್ಲೂ ಎಚ್ಚರ ಬೇಕು. ನಿಮಗೆ ಹಣ ಬರಬೇಕಾದರೆ ನೀವು ಪಿನ್ ಒತ್ತಬೇಕಾಗಿಲ್ಲ. ಯಾರಾದರೂ ಸರ ಕೊಳ್ಳುವೆನೆಂದು ಹೇಳಿ ಪಿನ್ ಒತ್ತಲು ಹೇಳಿದರೆ ಅವನು ಕಳ್ಳ. ಒತ್ತಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿರಿ.

ಆ ಅಕ್ಕನವರ ಉಳಿದ ಹನ್ನೊಂದು ಸರಗಳ ಫೋಟೋವನ್ನು ಹಗಲು ಬೆಳಕಿನಲ್ಲಿ ಮತ್ತೆ ತೆಗೆದು, ಅಳತೆ ಬರೆದು ಹಾಕಿದೆವು. ಮಳೆ ಹಿಡಿಯುವುದರೊಳಗೆ ಏಳು ಹೋದವು, ಒಂದೂ ಹಿಂದಿರುಗಲಿಲ್ಲ. ನಾಲ್ಕು ಇನ್ನೂ ಡಬ್ಬಿಯಲ್ಲಿವೆ; ಅವುಗಳ ಬಣ್ಣ ಈಗಿನವರಿಗೆ ಹಿಡಿಸಲಿಲ್ಲವೆಂದು ತೋರುತ್ತದೆ. ಪುಟ ಬರೆಯಿಸಬೇಕೆನ್ನುವವರು ಸರದ ಜೊತೆಗೆ ಒಂದು ಟೇಪು, ಬಿಳಿಯ ಪಂಚೆ ತಂದು ಬೆಳಿಗ್ಗೆ ಹತ್ತರೊಳಗೆ ನನ್ನನ್ನು ಕಾಣಬಹುದು. ಗ್ರಾಮಿನ ತಕ್ಕಡಿ ನನ್ನಲ್ಲಿದೆ. ಮೋಡ ಕವಿದಿದ್ದರೂ ಬನ್ನಿ, ಮೋಡದ ದಿನದ ಬೆಳಕು ಗಾಜಿನ ಮಣಿಯ ಫೋಟೋಗೆ ಒಳ್ಳೆಯದು.