ಮಕ್ಕಳ ನ್ಯುಮೋನಿಯಾ: ತಿಳಿವಳಿಕೆ, ತಡೆಗಟ್ಟುವಿಕೆ ಹಾಗೂ ಲಭ್ಯವಿರುವ ಸೇವೆಗಳು

(ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಐದು ವರ್ಷದೊಳಗಿನ ಮಕ್ಕಳ ಸಾವಿಗೆ ಕಾರಣವಾಗುವ ಸೋಂಕು ರೋಗಗಳಲ್ಲಿ ನ್ಯುಮೋನಿಯಾ ಪ್ರಮುಖವಾದುದು. ಸಕಾಲದಲ್ಲಿ ಗುರುತಿಸಿದಲ್ಲಿ ಇದು ಗುಣಪಡಿಸಬಹುದಾದ ಕಾಯಿಲೆ. ಸಾಮಾನ್ಯ ನೆಗಡಿಯೆಂದು ಭಾವಿಸಿ ಎರಡು ದಿನ ಕಾಯುವುದೇ ಹಲವು ಬಾರಿ ಅನಾಹುತಕ್ಕೆ ಕಾರಣವಾಗುತ್ತದೆ. ಆದುದರಿಂದ ಪೋಷಕರು ಈ ಕೆಳಗಿನ ಮಾಹಿತಿಯನ್ನು ಗಮನವಿಟ್ಟು ಓದಬೇಕೆಂದು ಕೋರಲಾಗಿದೆ.

ನ್ಯುಮೋನಿಯಾ ಎಂದರೇನು?

ಶ್ವಾಸಕೋಶದಲ್ಲಿರುವ ಸಣ್ಣ ಗಾಳಿಚೀಲಗಳಿಗೆ ಸೋಂಕು ತಗುಲಿ, ಅವುಗಳಲ್ಲಿ ಕೀವು ಅಥವಾ ದ್ರವ ತುಂಬಿಕೊಳ್ಳುವ ಸ್ಥಿತಿಯೇ ನ್ಯುಮೋನಿಯಾ. ಆಗ ರಕ್ತಕ್ಕೆ ಸಾಕಷ್ಟು ಆಮ್ಲಜನಕ ದೊರೆಯುವುದಿಲ್ಲ. ಈ ಕೊರತೆಯನ್ನು ತುಂಬಿಕೊಳ್ಳಲು ಮಗು ಬೇಗಬೇಗನೆ ಉಸಿರಾಡುತ್ತದೆ. ನ್ಯುಮೋಕಾಕಸ್ ಮತ್ತು ಹಿಬ್ ಎಂಬ ಬ್ಯಾಕ್ಟೀರಿಯಾಗಳು ಹಾಗೂ ಹಲವು ವೈರಸ್‌ಗಳು ಇದಕ್ಕೆ ಕಾರಣ. ದಡಾರದ ನಂತರವೂ ನ್ಯುಮೋನಿಯಾ ಬರುವುದುಂಟು.

ಆಫ್ರಿಕಾದ ಸಂಶೋಧನೆಗಳಿಂದ ತಿಳಿದುಬಂದಿರುವುದೇನು?

ನಮ್ಮ ಮಕ್ಕಳಿಗೆ ಇಂದು ಉಚಿತವಾಗಿ ನೀಡಲಾಗುತ್ತಿರುವ ಲಸಿಕೆಗಳ ಉಪಯುಕ್ತತೆಯು ಬಹುಮಟ್ಟಿಗೆ ಆಫ್ರಿಕಾ ಖಂಡದ ಗ್ರಾಮೀಣ ಹಾಗೂ ಬಡ ಕುಟುಂಬಗಳ ಸಹಭಾಗಿತ್ವದಿಂದ ಸಾಬೀತಾಗಿದೆ.

ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ದೇಶದಲ್ಲಿ 42,000ಕ್ಕೂ ಹೆಚ್ಚು ಶಿಶುಗಳನ್ನೊಳಗೊಂಡ ಹಿಬ್ ಲಸಿಕೆಯ ಅಧ್ಯಯನವು 1997ರಲ್ಲಿ ಪ್ರಕಟವಾಯಿತು. ಎಕ್ಸ್-ರೇಯಲ್ಲಿ ದೃಢಪಟ್ಟ ನ್ಯುಮೋನಿಯಾ ಪ್ರಕರಣಗಳು ಈ ಲಸಿಕೆಯಿಂದ ಸುಮಾರು ಶೇ. 21ರಷ್ಟು ಕಡಿಮೆಯಾದವು. ಅದೇ ದೇಶದ ಪೂರ್ವ ಭಾಗದ ಹಳ್ಳಿಗಳಲ್ಲಿ 17,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ನ್ಯುಮೋಕಾಕಲ್ ಲಸಿಕೆಯ ಅಧ್ಯಯನವು 2005ರಲ್ಲಿ ಪ್ರಕಟಗೊಂಡಿತು. ಲಸಿಕೆ ಪಡೆದ ಮಕ್ಕಳಲ್ಲಿ ಇಂತಹ ನ್ಯುಮೋನಿಯಾ ಶೇ. 37ರಷ್ಟೂ, ಯಾವುದೇ ಕಾರಣದಿಂದ ಸಂಭವಿಸುವ ಸಾವು ಶೇ. 16ರಷ್ಟೂ ಕಡಿಮೆಯಾಗಿದ್ದುದು ಕಂಡುಬಂದಿತು. ಆಸ್ಪತ್ರೆ ದೂರವಿರುವ ಹಳ್ಳಿಗಳಲ್ಲಿ ಒಂದು ಲಸಿಕೆಯು ಮಕ್ಕಳ ಪ್ರಾಣವನ್ನೇ ಉಳಿಸಬಲ್ಲದು ಎಂಬುದಕ್ಕೆ ಇದು ಸ್ಪಷ್ಟ ಆಧಾರವಾಯಿತು.

ಕೀನ್ಯಾ ದೇಶದ ಕಿಲಿಫಿ ಪ್ರದೇಶದಲ್ಲಿ 2011ರಲ್ಲಿ ನ್ಯುಮೋಕಾಕಲ್ ಲಸಿಕೆ ಆರಂಭವಾಯಿತು. ನಂತರದ ವರ್ಷಗಳಲ್ಲಿ, ಲಸಿಕೆಯ ವ್ಯಾಪ್ತಿಗೆ ಬರುವ ನ್ಯುಮೋಕಾಕಸ್ ತಳಿಗಳಿಂದಾಗುವ ತೀವ್ರ ಸೋಂಕು ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 92ರಷ್ಟು ಇಳಿಯಿತು. ಲಸಿಕೆಯ ವಯಸ್ಸು ತಲುಪದ ಎಳೆಯ ಶಿಶುಗಳಲ್ಲಿಯೂ, ಹಿರಿಯರಲ್ಲಿಯೂ ಸೋಂಕು ತಗ್ಗಿತು. ಅಂದರೆ, ಒಂದು ಮನೆಯ ಮಗುವಿಗೆ ಹಾಕಿಸಿದ ಲಸಿಕೆಯು ನೆರೆಮನೆಯ ಹಸುಗೂಸಿಗೂ ರಕ್ಷಣೆ ನೀಡುತ್ತದೆ.

2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಏಳು ದೇಶಗಳಲ್ಲಿ ನಡೆದಿದ್ದು, ಅವುಗಳಲ್ಲಿ ಐದು ಆಫ್ರಿಕಾದವು. ತೀವ್ರ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ, ಎಚ್‌ಐವಿ ಸೋಂಕಿಲ್ಲದ ಮಕ್ಕಳಲ್ಲಿ ಸುಮಾರು ಶೇ. 61ರಷ್ಟು ಪ್ರಕರಣಗಳಿಗೆ ವೈರಸ್‌ಗಳೂ, ಶೇ. 27ರಷ್ಟಕ್ಕೆ ಬ್ಯಾಕ್ಟೀರಿಯಾಗಳೂ ಕಾರಣವೆಂದು ಅಂದಾಜಿಸಲಾಯಿತು. ಆದುದರಿಂದ ಲಸಿಕೆ ಹಾಕಿಸಿದ ಮಗುವಿಗೂ ನ್ಯುಮೋನಿಯಾ ಬರುವ ಸಾಧ್ಯತೆಯಿರುತ್ತದೆ. ಲಕ್ಷಣಗಳ ಬಗ್ಗೆ ಎಚ್ಚರ ತಪ್ಪಬಾರದು.

ಇಂತಹ ಪ್ರಯತ್ನಗಳಲ್ಲಿ ಕರ್ನಾಟಕವೂ ಭಾಗಿಯಾಗಿದೆ. ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿರುವ ಗರ್ಭಿಣಿಯರಿಗೆ ಡೆಕ್ಸಾಮೆಥಾಸೋನ್ ಚುಚ್ಚುಮದ್ದು ನೀಡಿದಲ್ಲಿ ನವಜಾತ ಶಿಶುಗಳ ಸಾವು ಕಡಿಮೆಯಾಗುವುದೆಂದು 2020ರಲ್ಲಿ ತೋರಿಸಿದ ಅಧ್ಯಯನವು ಕೀನ್ಯಾ, ನೈಜೀರಿಯಾ, ಬಾಂಗ್ಲಾದೇಶ ಮತ್ತು ಪಾಕಿಸ್ತಾನಗಳ ಜೊತೆಗೆ ನಮ್ಮ ಬೆಳಗಾವಿಯಲ್ಲಿಯೂ ನಡೆಯಿತು. ಈ ಚುಚ್ಚುಮದ್ದು ಶಿಶುವಿನ ಶ್ವಾಸಕೋಶ ಬೇಗ ಬಲಿಯಲು ನೆರವಾಗುತ್ತದೆ.

ಯಾವ ಲಸಿಕೆಯನ್ನು ಯಾವಾಗ ಹಾಕಿಸಬೇಕು?

ಹಿಬ್ ಅಂಶವನ್ನೊಳಗೊಂಡ ಪೆಂಟಾವಲೆಂಟ್ ಲಸಿಕೆಯು ರಾಜ್ಯದಲ್ಲಿ 2013ರಿಂದ ಲಭ್ಯವಿದೆ. ನ್ಯುಮೋಕಾಕಲ್ ಲಸಿಕೆ (ಪಿಸಿವಿ) ದೇಶದಲ್ಲಿ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭಗೊಂಡು, 2021ರಲ್ಲಿ ದೇಶಾದ್ಯಂತ ವಿಸ್ತರಣೆಯಾಯಿತು. ನ್ಯುಮೋನಿಯಾ ತಡೆಗೆ ಸಂಬಂಧಿಸಿದ ಲಸಿಕೆಗಳ ವಿವರ ಹೀಗಿದೆ:

1. 6 ವಾರ: ಪೆಂಟಾವಲೆಂಟ್ 1ನೇ ಡೋಸ್, ಪಿಸಿವಿ 1ನೇ ಡೋಸ್
2. 10 ವಾರ: ಪೆಂಟಾವಲೆಂಟ್ 2ನೇ ಡೋಸ್
3. 14 ವಾರ: ಪೆಂಟಾವಲೆಂಟ್ 3ನೇ ಡೋಸ್, ಪಿಸಿವಿ 2ನೇ ಡೋಸ್
4. 9 ತಿಂಗಳು: ಪಿಸಿವಿ ವರ್ಧಕ ಡೋಸ್, ದಡಾರ-ರುಬೆಲ್ಲಾ 1ನೇ ಡೋಸ್
5. 16ರಿಂದ 24 ತಿಂಗಳು: ದಡಾರ-ರುಬೆಲ್ಲಾ 2ನೇ ಡೋಸ್

ಬಾಣಂತನಕ್ಕೆ ತವರಿಗೆ ಹೋದ ಕಾರಣ ಡೋಸ್ ತಪ್ಪಿದ್ದಲ್ಲಿ ಮೊದಲಿನಿಂದ ಆರಂಭಿಸುವ ಅಗತ್ಯವಿಲ್ಲ; ತಾಯಿ ಕಾರ್ಡಿನೊಂದಿಗೆ ಸಮೀಪದ ಆರೋಗ್ಯ ಕೇಂದ್ರಕ್ಕೆ ಬಂದು ಮುಂದುವರಿಸಬಹುದು. ಒಂದು ಡೋಸನ್ನೂ ಪಡೆಯದ ಮಗುವನ್ನು ಒಂದು ವರ್ಷ ತುಂಬುವ ಮೊದಲೇ ಕರೆತರತಕ್ಕದ್ದು.

ಒಲೆಯ ಹೊಗೆ ಮತ್ತು ಮಗು

ತೆಂಗಿನ ಸೀಮೆಯ ಮನೆಗಳಲ್ಲಿ ಮಟ್ಟೆ, ಚಿಪ್ಪು ಹಾಗೂ ಒಣಗರಿಗಳು ಹೇರಳವಾಗಿ ದೊರೆಯುವ ಉರುವಲು. ಅಡುಗೆಗೆ ಗ್ಯಾಸ್ ಇರುವ ಮನೆಗಳಲ್ಲಿಯೂ ಬಚ್ಚಲ ಒಲೆಯಲ್ಲಿ ಹಂಡೆ ಕಾಯಿಸಲು ಇವುಗಳನ್ನೇ ಬಳಸುವುದುಂಟು. ಈ ಹೊಗೆ ಮಗುವಿನ ಶ್ವಾಸಕೋಶಕ್ಕೆ ಹಾನಿಕರ. ಆದರೆ ಒಲೆ ಬದಲಿಸಿದ ಮಾತ್ರಕ್ಕೆ ಮಗು ಸುರಕ್ಷಿತವೆಂದು ಭಾವಿಸಬಾರದು. ಆಫ್ರಿಕಾದ ಮಲಾವಿಯಲ್ಲಿ ಸುಧಾರಿತ ಸೌದೆ ಒಲೆಗಳನ್ನು ನೀಡಿ ನಡೆಸಿದ ದೊಡ್ಡ ಅಧ್ಯಯನದಲ್ಲಿ ಮಕ್ಕಳ ನ್ಯುಮೋನಿಯಾ ಕಡಿಮೆಯಾಗಲಿಲ್ಲ. ತಮಿಳುನಾಡು ಮತ್ತು ರುವಾಂಡಾ ಸೇರಿದಂತೆ ನಾಲ್ಕು ದೇಶಗಳಲ್ಲಿ ಗರ್ಭಿಣಿಯರ ಮನೆಗಳಿಗೆ ಅಡುಗೆ ಅನಿಲ ಒದಗಿಸಿ ನಡೆಸಿದ, 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಶಿಶುಗಳ ತೀವ್ರ ನ್ಯುಮೋನಿಯಾ ಇಳಿಯಲಿಲ್ಲ. ಆದುದರಿಂದ ಮಗುವನ್ನು ಹೊಗೆಯಿಂದ ದೂರವಿಡುವುದರ ಜೊತೆಗೆ ಲಸಿಕೆ, ಆರು ತಿಂಗಳವರೆಗೆ ಎದೆಹಾಲು ಮಾತ್ರ ನೀಡುವುದು ಹಾಗೂ ಶೀಘ್ರ ಚಿಕಿತ್ಸೆ ಇವೆಲ್ಲವೂ ಅವಶ್ಯ.

ಉಸಿರಾಟವನ್ನು ಎಣಿಸುವುದು ಹೇಗೆ?

ಮಗು ಅಳದೆ, ಹಾಲು ಕುಡಿಯದೆ ಶಾಂತವಾಗಿರುವಾಗ ಅಂಗಿಯನ್ನು ಮೇಲೆತ್ತಿ, ಎದೆ ಅಥವಾ ಹೊಟ್ಟೆ ಏರಿ ಇಳಿಯುವುದನ್ನು ಒಂದು ಉಸಿರೆಂದು ಪರಿಗಣಿಸಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸತಕ್ಕದ್ದು. ಕೆಳಗಿನ ಸಂಖ್ಯೆ ಅಥವಾ ಅದಕ್ಕಿಂತ ಹೆಚ್ಚಾಗಿದ್ದಲ್ಲಿ ಅದು ವೇಗದ ಉಸಿರಾಟ:

- 2 ತಿಂಗಳೊಳಗಿನ ಶಿಶು: ನಿಮಿಷಕ್ಕೆ 60
- 2ರಿಂದ 12 ತಿಂಗಳು: ನಿಮಿಷಕ್ಕೆ 50
- 1ರಿಂದ 5 ವರ್ಷ: ನಿಮಿಷಕ್ಕೆ 40

ಉಸಿರೆಳೆದಾಗ ಪಕ್ಕೆ ಒಳಸೆಳೆಯುವುದು, ಹಾಲು ಕುಡಿಯಲಾಗದಿರುವುದು, ಕುಡಿದುದೆಲ್ಲ ವಾಂತಿಯಾಗುವುದು, ಫಿಟ್ಸ್, ಮಂಪರು, ತುಟಿ ನೀಲಿಯಾಗುವುದು, ಎಳೆಯ ಶಿಶುವಿನ ಮೈ ತಣ್ಣಗಾಗುವುದು ಇವು ಅಪಾಯದ ಚಿಹ್ನೆಗಳು. ಇವುಗಳಲ್ಲಿ ಯಾವುದೇ ಒಂದು ಕಂಡುಬಂದಲ್ಲಿ, ರಾತ್ರಿಯಾಗಿದ್ದರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಮಾಡಬಾರದ ಕೆಲಸಗಳು

1. ಮಗುವಿನ ಮೂಗಿಗೆ ಅಥವಾ ಗಂಟಲಿಗೆ ಕೊಬ್ಬರಿ ಎಣ್ಣೆ, ಹರಳೆಣ್ಣೆ ಬಿಡಬಾರದು. ಎಣ್ಣೆ ಶ್ವಾಸಕೋಶಕ್ಕೆ ಇಳಿದು ಅದರಿಂದಲೇ ನ್ಯುಮೋನಿಯಾ ಉಂಟಾಗಬಹುದು. ಮೈಗೆ ಹಚ್ಚಲು ಅಡ್ಡಿಯಿಲ್ಲ.
2. ಪಕ್ಕೆ ಸೆಳೆತಕ್ಕೆ ಬರೆ ಹಾಕಿಸಬಾರದು.
3. ಸ್ನಾನದ ನಂತರ ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿಯಬಾರದು.
4. ಹಿಂದಿನ ಬಾರಿ ಉಳಿದ ಔಷಧವನ್ನಾಗಲಿ, ಅಂಗಡಿಯಲ್ಲಿ ಕೇಳಿ ತಂದ ಔಷಧವನ್ನಾಗಲಿ ಕುಡಿಸಬಾರದು.

ಸೇವೆ ಪಡೆಯುವ ವಿಧಾನ

ಮೊದಲು ಗ್ರಾಮದ ಆಶಾ ಕಾರ್ಯಕರ್ತೆಯನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಂದಿರ ಮನೆಗೆ ಆಶಾ ಕಾರ್ಯಕರ್ತೆಯು 42 ದಿನಗಳೊಳಗೆ ಆರು ಬಾರಿ ಭೇಟಿ ನೀಡುತ್ತಾರೆ. ಆಗ ಉಸಿರಾಟ ಎಣಿಸುವ ಕ್ರಮವನ್ನು ಅವರಿಂದ ಕಲಿತುಕೊಳ್ಳಬಹುದು. ತುರ್ತು ಸಂದರ್ಭದಲ್ಲಿ 108 ಸಂಖ್ಯೆಗೆ ಕರೆ ಮಾಡಿ ಉಚಿತ ಆಂಬ್ಯುಲೆನ್ಸ್ ಪಡೆಯಬಹುದು. ಹೆಚ್ಚಿನ ಚಿಕಿತ್ಸೆ ಬೇಕಾದಲ್ಲಿ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಗೆ, ಅಲ್ಲಿಂದ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಕಳುಹಿಸಲಾಗುವುದು.

ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದೊಳಗಿನ ಅನಾರೋಗ್ಯಪೀಡಿತ ಶಿಶುಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ, ಔಷಧ, ಪರೀಕ್ಷೆ ಹಾಗೂ ಸಾರಿಗೆ ಉಚಿತ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ಸೌಲಭ್ಯವಿದೆ. ಇದಕ್ಕೆ ಪಡಿತರ ಚೀಟಿ ಮತ್ತು ಆಧಾರ್ ಕಾರ್ಡ್ ಸಿದ್ಧವಿಟ್ಟುಕೊಳ್ಳುವುದು. ಲಸಿಕೆ ಪಡೆಯಲು ಜಾತಿ ಅಥವಾ ಆದಾಯ ಪ್ರಮಾಣಪತ್ರದ ಅಗತ್ಯವಿರುವುದಿಲ್ಲ.

ದಾಖಲೆಗಳನ್ನು ಹುಡುಕುತ್ತಾ ಹೊತ್ತು ಕಳೆಯದೆ, ಮೊದಲು ಮಗುವನ್ನು ಆಸ್ಪತ್ರೆಗೆ ತಲುಪಿಸಿ. ಕಾಗದಪತ್ರಗಳನ್ನು ಮನೆಯವರು ನಂತರ ತಂದುಕೊಡಬಹುದು. ಸಾರ್ವಜನಿಕರು ಈ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.