ತೆಪ್ಪದ ತಳಕ್ಕೆ ಫೋಮಿನ ಪಕ್ಕೆಲುಬು

ಮಳವಳ್ಳಿ ಕಡೆ ಕಾವೇರಿಯಲ್ಲಿ ಮೀನು ಹಿಡಿಯುವ ನಮ್ಮ ಮಾವನದು ಫೈಬರ್ ತೆಪ್ಪ. ಎರಡು ವರ್ಷದಿಂದ ಅದರ ತಳ ಮೆತ್ತಗಾಗಿತ್ತು. ಕಾಲಿಟ್ಟರೆ ಡಬ್ಬದ ಮುಚ್ಚಳದಂತೆ ಡುಬುಕ್ಕನೆ ಕುಸಿದು ಮೇಲೆ ಬರುತ್ತಿತ್ತು. ಸುತ್ತ ಜೇಡರ ಬಲೆಯಂಥ ಬಿರುಕು. ಹೊಸದು ಕೊಳ್ಳಲು ದುಡ್ಡಿಲ್ಲ, ದಡಕ್ಕೆ ಬಿಟ್ಟರೆ ಸಂತೆ ದಿನ ಮನೆಗೆ ಬರುವ ಕಾಸೂ ಇಲ್ಲ.

‘ಇನ್ನೊಂದ್ ನಾಕು ಪದರ ಬಳುದ್ಬುಡ್ಲಾ’ ಅಂದರು ಮಾವ. ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದ ನಾನು ಬೇಡವೆಂದೆ. ಹಾಳೆಯ ದಪ್ಪ ಇಮ್ಮಡಿಯಾದರೆ ಅದರ ಬಿಗಿ ಎಂಟು ಪಟ್ಟು ಏರುತ್ತದೆ, ನಿಜ. ಆದರೆ ತೂಕವೂ ಇಮ್ಮಡಿ. ತೆಪ್ಪವನ್ನು ಬೆನ್ನ ಮೇಲೆ ಹೊತ್ತು ದಡ ಹತ್ತುವವರು ಮಾವ, ಸೂತ್ರವಲ್ಲ.

ಹಳೆಯ ತೆಪ್ಪಕ್ಕೆ ಬಿದಿರಿನ ಹೆಣಿಗೆಯೇ ಅಸ್ಥಿಪಂಜರ, ತೊಗಲೋ ಟಾರು ಬಳಿದ ಹಾಳೆಯೋ ಬರೀ ಹೊದಿಕೆ. ಮಾವನ ಫೈಬರ್ ತೆಪ್ಪದಲ್ಲಿ ಹೊದಿಕೆ ಮಾತ್ರ ಉಳಿದು ಎಲುಬು ಮಾಯವಾಗಿತ್ತು. ಅದನ್ನು ವಾಪಸು ಇಡುವುದೇ ಉಪಾಯ. ನಿಂತು ಓಡಿಸುವ ಜೆಟ್ ಸ್ಕೀಗಳ ಒಡಲನ್ನೂ ಹೀಗೆಯೇ, ಫೋಮಿನ ಪಟ್ಟಿಯಿಟ್ಟು ಮೇಲೆ ಫೈಬರ್ ಹೊದಿಸಿ ಗಟ್ಟಿ ಮಾಡುತ್ತಾರೆ. ಅಲ್ಲಿ ಅದು ಅಲೆಯ ಮೇಲೆ ನೆಗೆಯುವ ಮೋಜಿಗೆ, ಇಲ್ಲಿ ಹೊಟ್ಟೆಪಾಡಿಗೆ.

ರೆಸಿನ್, ಮ್ಯಾಟು ಮಂಡ್ಯದಲ್ಲಿ ಸಿಕ್ಕವು. ಫೋಮು ಮದ್ದೂರಿನ ಫ್ರಿಜ್ ರಿಪೇರಿಯವರ ಗುಜರಿಯಿಂದ ಬಂತು. ಫ್ರಿಜ್ಜಿನ ಗೋಡೆಯೊಳಗೆ ಇರುವ ಹಳದಿ ಪಾಲಿಯುರೆಥೇನ್ ಫೋಮು ನೀರು ಕುಡಿಯುವುದು ಕಡಿಮೆ. ಥರ್ಮಾಕೋಲ್ ಬೇಡವೇ ಬೇಡ, ಪಾಲಿಯೆಸ್ಟರ್ ರೆಸಿನ್ ತಗುಲಿದರೆ ಕರಗಿಹೋಗುತ್ತದೆ.

ಅರ್ಧ ಕೆಲಸ ತಯಾರಿಯಲ್ಲೇ ಇದೆ. ಮೂರು ದಿನ ಬಿಸಿಲಿಗೆ ಬೋರಲು ಹಾಕಿ ಒಣಗಿಸಿದೆವು. ಒಳಮೈಯನ್ನು ದಪ್ಪ ಉಪ್ಪುಕಾಗದದಿಂದ ಹೊಳಪು ಹೋಗುವ ತನಕ ಉಜ್ಜಿ, ಅಸಿಟೋನಿನಲ್ಲಿ ಒರೆಸಿದೆವು. ತೇವ, ಜಿಡ್ಡು ಉಳಿದರೆ ಹೊಸ ಪದರ ಹಪ್ಪಳದಂತೆ ಎದ್ದು ಬರುತ್ತದೆ. ಆಮೇಲೆ 4 ಇಂಚು ಅಗಲ, ಒಂದೂವರೆ ಇಂಚು ದಪ್ಪದ ಫೋಮಿನ ಪಟ್ಟಿಗಳನ್ನು ಅಂಚು ಇಳಿಜಾರಾಗಿ ಕೊಯ್ದು, ತಳದಲ್ಲಿ ಕೂಡು ಚಿಹ್ನೆಯ ಆಕಾರದಲ್ಲಿ ಅಂಟಿಸಿದೆವು. ನೇರ ಅಂಚಿಗೆ ಮ್ಯಾಟು ಬಾಗುವುದಿಲ್ಲ, ಮೂಲೆಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಮೇಲೆ ಮೂರು ಪದರ ಮ್ಯಾಟು, ಪಟ್ಟಿ ದಾಟಿ ಎರಡೂ ಬದಿ ಮೂರಿಂಚು ಹೊರಕ್ಕೆ. ಬ್ರಷ್ಷಿನಲ್ಲಿ ರೆಸಿನ್ ಕುಡಿಸಿ, ರೋಲರಿನಲ್ಲಿ ಗುಳ್ಳೆ ಒತ್ತಿ ತೆಗೆಯಬೇಕು. ಬಿಸಿಲೇರಿದರೆ ರೆಸಿನ್ ಡಬ್ಬದಲ್ಲೇ ಕಲ್ಲಾಗುತ್ತದೆಂದು ಬೆಳಿಗ್ಗೆ ಆರಕ್ಕೇ ಶುರು ಮಾಡಿದ್ದೆವು.

ನೀವೂ ಮಾಡುವುದಾದರೆ ಇದೊಂದು ನೆನಪಿರಲಿ: ಹಾರ್ಡನರ್ ಮತ್ತು ಕೋಬಾಲ್ಟ್ ಎರಡನ್ನೂ ನೇರವಾಗಿ ಬೆರೆಸಿದರೆ ಸಿಡಿಯಬಹುದು. ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಚೆನ್ನಾಗಿ ಕಲಸಿ, ಹಾರ್ಡನರನ್ನು ಕೊನೆಗೆ ಹಾಕಬೇಕು. ಕೈಗವಸು, ಮಾಸ್ಕು ಇಲ್ಲದೆ ಮುಟ್ಟಬೇಡಿ.

ಇನ್ನೊಂದು ಲಾಭವೂ ಇದೆ. ಗಾಜಿನ ನಾರು–ರೆಸಿನ್ನಿನ ಹಾಳೆ ನೀರಿಗಿಂತ ಭಾರ, ನೀರು ತುಂಬಿದರೆ ಬಿದಿರಿನಂತೆ ತೇಲದೆ ಮುಳುಗುತ್ತದೆ. ನಾವಿಟ್ಟ ಫೋಮು ಸುಮಾರು 10 ಲೀಟರ್, ಅಂದರೆ ಹತ್ತಿರ ಹತ್ತಿರ 10 ಕೆ.ಜಿ. ಎತ್ತುವ ಬಲ. ತೆಪ್ಪಕ್ಕೆ ಅದು ಆಸರೆ, ಮನುಷ್ಯರಿಗಲ್ಲ. ಹಾಗಾಗಿ ಮಾವನಿಗೆ ಲೈಫ್ ಜಾಕೆಟ್ ಕೊಡಿಸಿದೆ. ಹಾಕಿಕೊಳ್ಳುವಂತೆ ಮಾಡುವುದು ಫೈಬರ್ ಕೆಲಸಕ್ಕಿಂತ ಕಷ್ಟ!

ಈಗ ತಳದ ಮೇಲೆ ನಿಂತು ಬಲೆ ಎಳೆದರೂ ಡುಬುಕ್ ಸದ್ದಿಲ್ಲ. ಕೊನೆಯ ಕೋಟು ಹಸಿಯಿರುವಾಗಲೇ ಹೊಳೆಮರಳು ಉದುರಿಸಲು ಹೇಳಿದ್ದು ಮಾತ್ರ ಮಾವನೇ, ಒದ್ದೆ ಕಾಲು ಜಾರಬಾರದೆಂದು. ನಾನು ಓದಿದ್ದರಲ್ಲಿ ಎಲ್ಲೂ ಅದು ಇರಲಿಲ್ಲ.